ದಿಂಬಂನಿಂದ ಎರಡು ರಿಂಗು

ನಮ್ಮ ಮನೆಯ ಜಗಲಿ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಒಂದು ಮಾಸಲು ಜಾಗವಿದೆ. ಹೋದ ಸಲ ಸುಣ್ಣ ಬಳಿಯಲು ಬಂದವನಿಗೆ ಅಷ್ಟು ಜಾಗ ಬಿಟ್ಟು ಬಳಿಯಪ್ಪ ಅಂದಿದ್ದೆ. ಅವನು ನನ್ನನ್ನು ಒಂದು ಥರ ನೋಡಿ, ಬಿಟ್ಟೇ ಬಳಿದ. ಈಗ ಬಂದವರೆಲ್ಲ ಸುಣ್ಣ ಸಾಲದೆ ಹೋಯಿತೇನೋ ಎಂದು ಕೇಳುತ್ತಾರೆ. ಕೇಳಲಿ, ನನ್ನ ಗಂಟೇನು ಹೋಗುತ್ತದೆ. ಆ ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳಲ್ಲಿ ಮೂವತ್ತು ವರ್ಷ ನಮ್ಮ ಲಾರಿಗಳು ಘಾಟಿ ಇಳಿದಿವೆ, ಹತ್ತಿವೆ.

ನಾವು ಪಣಕಹಳ್ಳಿಯವರು. ಬೆಟ್ಟದ ಮೇಲಿನ ಊರುಗಳಲ್ಲಿ ಬೆಳೆದ ಕೋಸು, ಬೀನ್ಸು, ಟೊಮೇಟೊಗಳನ್ನು ದಿಂಬಂ ಘಾಟಿ ಇಳಿಸಿ ಸತ್ಯಮಂಗಲಕ್ಕೋ ಮೆಟ್ಟುಪಾಳ್ಯಕ್ಕೋ ಕೊಯಮತ್ತೂರಿಗೋ ಮುಟ್ಟಿಸುವುದು ನಮ್ಮ ಕಸುಬು. ಒಂದು ಹಳೆ ಲಾರಿಯಿಂದ ಶುರು ಮಾಡಿದ್ದು, ಈಗ ಆರಾಗಿವೆ. ಗಾಡಿ ಎಲ್ಲಿದೆ, ಯಾವ ಹೊಲದ ಲೋಡು ಯಾರು ಎತ್ತಬೇಕು, ಎಷ್ಟು ಹೊತ್ತಿಗೆ ಇಳಿಸಿದರು ಎಂದೆಲ್ಲ ತೋರಿಸುವ ಸಾಫ್ಟ್‌ವೇರನ್ನೂ ಹಾಕಿಸಿದ್ದೇವೆ. ಎರಡು ಗಾಡಿ ಇಟ್ಟುಕೊಂಡಿರುವ ಹುಡುಗರು ತಾಳವಾಡಿ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, "ಅಣ್ಣ, ಅದ ಯಾವಾಗ ಆಕುಸ್ಬೇಕು?" ಎಂದು ಕೇಳುತ್ತಾರೆ. ನನ್ನನ್ನು ಕೇಳುತ್ತಾರಲ್ಲ ಎಂದು ಒಳಗೊಳಗೇ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಹಾಕಿಸಲೋ ಬೇಡವೋ ಎಂದು ಎರಡು ವರ್ಷ ಎಳೆದಾಡಿದ ಗಂಡಸು ನಾನು. ಯಾಕೆ ಎಳೆದಾಡಿದೆ ಎನ್ನುವುದಕ್ಕೆ ನಮ್ಮ ಅಕ್ಕನ ವಿಷಯ ಹೇಳಬೇಕು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಭಾವ ತೀರಿಕೊಂಡರು, ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದು ತವರಿಗೆ ಬಂದವಳು ಆಮೇಲೆ ಎಲ್ಲಿಗೂ ಹೋಗಲಿಲ್ಲ. ನಾನು ಲಾರಿ ತಂದಾಗ ಮನೆಯಲ್ಲಿ ಖುಷಿಪಟ್ಟವಳು ಅವಳೊಬ್ಬಳೇ. ಅವ್ವನಿಗಂತೂ ಜೀವವೇ ಹೋಗಿತ್ತು. ದಿಂಬಂ ಘಾಟಿಗೆ ಇಪ್ಪತ್ತೇಳು ತಿರುವು, ನನ್ನ ಲಾರಿಯ ಬ್ರೇಕೋ ಅದರ ಇಷ್ಟ ಬಂದಾಗ ಹಿಡಿಯುವಂಥದ್ದು. ನಾನು ಬೆಳಿಗ್ಗೆ ಲೋಡು ಹಾಕಿಕೊಂಡು ಹೊರಟರೆ ವಾಪಸು ಬರುವ ತನಕ ಅವ್ವ ಬಾಯಿಗೆ ನೀರು ಬಿಡುತ್ತಿರಲಿಲ್ಲ.

ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದಳು. ದಿಂಬಂ ಅಂದರೆ ಘಾಟಿಯ ನೆತ್ತಿ. ಅಲ್ಲಿನ ಒಂದು ಟೀ ಅಂಗಡಿಯಲ್ಲಿ ನಾಣ್ಯ ಹಾಕುವ ಫೋನಿತ್ತು. ನಮ್ಮ ಮನೆಗೂ ಆಗಷ್ಟೇ ಫೋನು ಬಂದಿತ್ತು, ಕರಿ ಬಣ್ಣದ್ದು, ಒಳಗೆ ನಿಜವಾದ ಗಂಟೆಯಿದ್ದದ್ದು. ಇಳಿಯುವ ಮೊದಲು ಒಂದು ರಿಂಗು ಬಾರಿಸಿ ಇಟ್ಟುಬಿಡು ಅಂದಳು. ವಾಪಸು ಹತ್ತಿ ಬಂದ ಮೇಲೆ ಎರಡು ರಿಂಗು. ಏನಾದರೂ ತೊಂದರೆಯಾದರೆ ಮೂರು, ಆಗ ಮನೆಯಿಂದ ನಾವೇ ಟೀ ಅಂಗಡಿಗೆ ತಿರುಗಿ ಮಾಡುತ್ತೇವೆ. ಈ ಕಡೆ ಯಾರೂ ಎತ್ತದೆ ಇದ್ದರೆ ನಾಣ್ಯ ವಾಪಸು ಬೀಳುತ್ತಿತ್ತು. ಒಂದೇ ನಾಣ್ಯದಲ್ಲಿ ನಾನು ಒಂದಿಡೀ ವರ್ಷ ಫೋನು ಮಾಡಿದ್ದೇನೆ.

ಎರಡು ರಿಂಗಿನಲ್ಲಿ ಇನ್ನೊಂದು ವಿಷಯವಿತ್ತು. ದಿಂಬಂನಿಂದ ನಮ್ಮ ಮನೆಗೆ ಲಾರಿಯಲ್ಲಿ ಒಂದು ಗಂಟೆ ಹತ್ತು ನಿಮಿಷ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುತ್ತೇವೆ. ಹಿಟ್ಟು ಬಿಸಿ ಇದ್ದರೆ ಊಟ, ತಣ್ಣಗಾದರೆ ಕಲ್ಲು. ಬೆಳಗಿನಿಂದ ಮಂಡಿಯ ಟೀ ಬನ್ನಿನಲ್ಲಿದ್ದವನು ಮನೆಗೆ ಬಂದು ಕೂತಾಗ ತಟ್ಟೆಯಲ್ಲಿ ಹೊಗೆಯಾಡುವ ಹಿಟ್ಟು ಇರಬೇಕು ಎನ್ನುವುದು ಅಕ್ಕನ ಹಟ. ಎರಡು ರಿಂಗು ಬಂದ ತಕ್ಷಣ ಸಾರಿಗೆ ಒಲೆ ಹಚ್ಚುವಳು, ಸಾರು ಇಳಿಸಿ ಎಸರಿಡುವಳು, ಎಸರು ಕುದಿಯುವಾಗ ಹಿಟ್ಟು ಬಿಡುವಳು. ನಾನು ಅಂಗಳದಲ್ಲಿ ಲಾರಿ ನಿಲ್ಲಿಸಿ ಕೈಕಾಲು ತೊಳೆಯುವ ಹೊತ್ತಿಗೆ ಅವಳು ಹಿಟ್ಟು ಕಟ್ಟುತ್ತಿರುತ್ತಿದ್ದಳು. ಆ ಹಿಟ್ಟಿನ ರುಚಿ ಮತ್ತೆ ಯಾವ ಊಟದಲ್ಲೂ ನನಗೆ ಸಿಕ್ಕಿಲ್ಲ. ಹೆಂಡತಿ ಓದಿದರೆ ಓದಿಕೊಳ್ಳಲಿ, ಅವಳಿಗೂ ಈ ವಿಷಯ ಗೊತ್ತು.

ಎರಡನೇ ಲಾರಿ ಬಂತು, ಅದಕ್ಕೆ ಡ್ರೈವರ್ ಬಂದ, ಮೂರನೆಯದು ಬಂತು. ರಿಂಗುಗಳು ಹೆಚ್ಚಿದವು. ಡ್ರೈವರುಗಳ ಹೆಂಡಿರು ಮಧ್ಯಾಹ್ನ ಮೂರರ ಮೇಲೆ ಒಬ್ಬೊಬ್ಬರೇ ನಮ್ಮ ಜಗಲಿಗೆ ಬಂದು ಇಣುಕುತ್ತಿದ್ದರು. ಅಕ್ಕ ಗೋಡೆ ನೋಡಿ, "ನಿನ್ ಗಂಡ ಗಾಟಿ ಅತ್ತವ್ನ ಕಣವ್ವ, ಓಗಿ ಎಸರಿಡು" ಅನ್ನುವಳು. ಅವರು ಸೆರಗು ಸಿಕ್ಕಿಸಿಕೊಂಡು ಓಡುವರು. ಬರಬರುತ್ತಾ ನಮ್ಮ ಓಣಿಯಲ್ಲಿ ಗಾಡಿ ವಾಪಸಾಯಿತಾ ಎಂದು ಯಾರೂ ಕೇಳುತ್ತಿರಲಿಲ್ಲ, ಎಸರಾಯ್ತಾ ಎಂದೇ ಕೇಳುತ್ತಿದ್ದರು.

ರಿಂಗು ಎಷ್ಟು ಎನ್ನುವುದು ಸರಿ, ಯಾರದು ಎಂದು ಹೇಗೆ ತಿಳಿಯಬೇಕು? ಅದು ಅಕ್ಕನ ವಿದ್ಯೆ. ಯಾರು ಎಷ್ಟು ಹೊತ್ತಿಗೆ ಇಳಿದ, ಯಾವ ಮಂಡಿಗೆ ಹೋದ, ಕೋಸಾದರೆ ಇಳಿಸಲು ಎಷ್ಟು ಹೊತ್ತು, ಟೊಮೇಟೊ ಆದರೆ ಎಷ್ಟು, ಎಲ್ಲ ಅವಳ ತಲೆಯಲ್ಲಿತ್ತು. ಅದರ ಮೇಲೆ ಗಂಟೆ ಬಾರಿಸುವ ರೀತಿಯಲ್ಲೇ ಆಳನ್ನು ಗುರುತಿಸುವಳು. "ಇವ್ನು ಕೈ ಸುಟ್ಕಂಡಂಗೆ ಇಟ್ಬುಡ್ತನ," ಅನ್ನುವಳು ಒಬ್ಬನಿಗೆ. ಇನ್ನೊಬ್ಬನಿಗೆ, "ಇವ್ನು ನಿದ್ದಗಣ್ಣಲ್ಲಿ ಬಾರುಸ್ತನ, ಬುಡೋದೇ ಇಲ್ಲ." ಹಾಗೆ ಹೇಳಿ ಗೋಡೆಯ ಮೇಲೆ ಅವನ ಹೆಸರಿನ ಮುಂದೆ ಒಂದು ಗೆರೆ ಎಳೆಯುವಳು. ಇಳಿದರೆ ಕೆಳಕ್ಕೆ ಗೆರೆ, ಹತ್ತಿದರೆ ಅಡ್ಡ ಗೆರೆ. ಸಂಜೆಯ ಮೇಲೆ ಸರಕಿನ ಗಾಡಿ ಘಾಟಿಯಲ್ಲಿ ಇರಕೂಡದು ಎಂಬ ಕಟ್ಟು ಬಂದ ಮೇಲೆ ಎಲ್ಲ ಗೆರೆಗೂ ಅಡ್ಡ ಬೀಳುವ ತನಕ ಅವಳು ಜಗಲಿಯಿಂದ ಏಳುತ್ತಿರಲಿಲ್ಲ.

ಎಲ್ಲರ ಕೈಗೂ ಮೊಬೈಲು ಬಂತು. ಆದರೂ ರಿಂಗು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಮೊಬೈಲು ಹಿಡಿಯುವುದು ತಾರಸಿಯ ನೀರಿನ ತೊಟ್ಟಿಯ ಪಕ್ಕದಲ್ಲಿ ಮಾತ್ರ, ಕಾಡಿನೊಳಗೆ ಅದೂ ಇಲ್ಲ. ಅಲ್ಲದೆ ಅಕ್ಕನದೇ ಒಂದು ಕಾನೂನು: ಗಾಡಿ ಓಡಿಸುವವನಿಗೆ ಯಾರೂ ಫೋನು ಮಾಡಬಾರದು, ಕಟ್ಟಿಕೊಂಡವಳೂ ಮಾಡಬಾರದು. "ತಿರುವಲ್ಲಿ ನಿನ್ ಮಾತು ಕೇಳುಸ್ಕಂಡು ಅವ್ನು ಪ್ರಪಾತ ನೋಡ್ಬೇಕಾ?" ಎಂದು ಒಬ್ಬಳಿಗೆ ಗದರಿದ್ದು ನನಗೆ ನೆನಪಿದೆ. ಹಾಗಾಗಿ ಡ್ರೈವರುಗಳು ದಿಂಬಂನಲ್ಲಿ ಗಾಡಿ ನಿಲ್ಲಿಸಿ, ಟೀ ಕುಡಿದು, ನಮ್ಮ ಕರಿ ಫೋನಿಗೇ ಬಾರಿಸಿ ಇಡುತ್ತಿದ್ದರು.

ಐದು ಗಾಡಿಯಾದಾಗ ಕೊಯಮತ್ತೂರಿನಿಂದ ಸಾಫ್ಟ್‌ವೇರ್ ಮಾರುವವನೊಬ್ಬ ಬಂದ. ನಮ್ಮ ತರಕಾರಿ ಕೊಳ್ಳುವ ದೊಡ್ಡ ವ್ಯಾಪಾರಿಯೊಬ್ಬರು ಗಾಡಿ ಎಲ್ಲಿದೆ ಎಂದು ತಮ್ಮ ಮೊಬೈಲಿನಲ್ಲೇ ಕಾಣಬೇಕು ಎಂದು ಹೇಳಿ ಕಳಿಸಿದ್ದರು. ನನ್ನ ಮಗಳು ಸತ್ಯಮಂಗಲದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ನನ್ನ ಜೊತೆಗೇ ವ್ಯವಹಾರಕ್ಕೆ ಇಳಿದಿದ್ದಳು. ಅವಳಿಗೆ ಆ ಹೊತ್ತಿಗೇ ಅದು ಬೇಕೆನಿಸಿತ್ತು. ನಾನು ಅವನನ್ನು ಕೇಳಿದೆ, ಎಷ್ಟು ಗಾಡಿ ಆದ ಮೇಲೆ ಇದು ಬೇಕು ಅಂತ.

ಅವನು ಚೂಟಿ ಮನುಷ್ಯ. ತಮಿಳಿನಲ್ಲಿ, ಗಾಡಿ ಎಷ್ಟು ಅನ್ನುವುದು ಮುಖ್ಯವಲ್ಲ ಸಾರ್, ಯಾವ ಗಾಡಿ ಎಲ್ಲಿಗೆ ಎಂದು ಗೊತ್ತು ಮಾಡುವವರು ಯಾರು ಎಂದು ಕೇಳಿದ. ಜಗಲಿಯಲ್ಲಿ ಕೂತಿದ್ದ ಅಕ್ಕನನ್ನು ತೋರಿಸಿದೆ. ಅವಳು ಗೋಡೆಗೆ ಒರಗಿ, ಒಂದು ಅಂಗೈಯನ್ನು ಕರಿ ಫೋನಿನ ನೆತ್ತಿಯ ಮೇಲಿಟ್ಟುಕೊಂಡು ಕೂತಿದ್ದಳು. ಈಚೆಗೆ ಅವಳು ಹಾಗೇ ಕೂರುತ್ತಿದ್ದಳು, ಕರುವಿನ ತಲೆ ಸವರುತ್ತಾ ಕೂತ ಹಾಗೆ. ಅವನು ಗೋಡೆ ನೋಡಿದ, ಅವಳನ್ನು ನೋಡಿದ. ಆಮೇಲೆ ಮೆತ್ತಗೆ, ಆ ಅಮ್ಮ ಒಂದು ವಾರ ಮಲಗಿದರೆ ನಿಮ್ಮ ಗಾಡಿಗಳು ಓಡುತ್ತವಾ ಸಾರ್ ಎಂದ. ಇಡೀ ಕೆಲಸ ಒಬ್ಬರ ತಲೆಯಲ್ಲಿದೆ ಎಂದರೆ ಹೊತ್ತು ಬಂದಾಯಿತು ಎಂದೇ ಅರ್ಥ ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಸರಿಯಾದ ಮಾತು ಹೇಳುವವನ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳುವವನ ಮೇಲೆ ಬರುವುದಿಲ್ಲ ನನಗೆ. ನಮ್ಮಕ್ಕ ಮಲಗುವವಳಲ್ಲ, ನೀನು ಟೀ ಕುಡಿದು ಹೊರಡು, ಘಾಟಿಯಲ್ಲಿ ಅರಣ್ಯದವರು ಗೇಟು ಹಾಕುವ ಹೊತ್ತಾಯಿತು ಅಂದೆ. ಆಗಿನ್ನೂ ಮಧ್ಯಾಹ್ನ ಎರಡು ಗಂಟೆ. ಮಗಳು ನನ್ನ ಮುಖ ನೋಡಿ ನಕ್ಕಳು.

ಆಮೇಲೆ ನಾನು ಹೇಳಿದ ನೆಪಗಳನ್ನು ನೆನೆದರೆ ನನಗೇ ನಾಚಿಕೆ. ಆರನೇ ಗಾಡಿ ಬರಲಿ ಅಂದೆ, ಬಂತು. ಆಯುಧಪೂಜೆ ಕಳೆಯಲಿ ಅಂದೆ, ಕಳೆಯಿತು. ಆಸನೂರಿನ ರಸ್ತೆ ಕೆಲಸ ಮುಗಿಯಲಿ ಅಂದೆ, ರಸ್ತೆಗೂ ಅದಕ್ಕೂ ಏನು ಸಂಬಂಧ ಅಂತ ಮಗಳು ಕೇಳಿದಳು. ಎದ್ದುಹೋದೆ. ಒಳಗಿನ ಮಾತು ಬೇರೆಯಿತ್ತು. ಇಪ್ಪತ್ತಾರು ವರ್ಷಕ್ಕೆ ಟ್ರಂಕು ಹಿಡಿದು ಬಂದವಳು ಅವಳು. ಈ ಮನೆಯಲ್ಲಿ ಯಾರ ಹಂಗೂ ಇಲ್ಲದೆ ತಲೆಯೆತ್ತಿ ಕೂತದ್ದು ಆ ಫೋನಿನ ಪಕ್ಕದಲ್ಲಿ. ಅದನ್ನು ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು? ಬೆಳಿಗ್ಗೆ ಎದ್ದು ಯಾಕೆ ಜಗಲಿಗೆ ಬರಬೇಕು? ನನಗೆ ಅನ್ನ ಹಾಕಿದ ಕೈಯನ್ನು ಖಾಲಿ ಮಾಡಿ ಕೂರಿಸುವುದಕ್ಕಿಂತ ಆ ವ್ಯಾಪಾರಿ ಬೇರೆಯವರ ಕೋಸು ಕೊಳ್ಳಲಿ ಎಂದುಕೊಂಡೆ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ನಮ್ಮ ಹಳೆಯ ಡ್ರೈವರನ ಹೆಂಡತಿ ಜಗಲಿಗೆ ಬಂದಳು. ಅಕ್ಕ, ಅವನು ಹತ್ತಿದನೆಂದೂ ಎಸರಿಡೆಂದೂ ಹೇಳಿ ಕಳಿಸಿದಳು. ಐದು ಗಂಟೆಯ ಹೊತ್ತಿಗೆ ಅವಳು ಮತ್ತೆ ಬಂದಳು. ನಾನು ಅಲ್ಲೇ ಟಯರು ನೋಡುತ್ತಿದ್ದೆ.

"ಅಕ್ಕ, ಇಟ್ಟು ತಣ್ಣಗಾಯ್ತು, ಇನ್ನೂ ಬರ್ನಿಲ್ವಲ್ಲ."

"ಅತ್ತಾಗದ ಕಣವ್ವ. ಎಲ್ಡು ರಿಂಗು, ನಾನೇ ಕೇಳಿವ್ನಿ," ಅಂದಳು ಅಕ್ಕ. ಆದರೆ ಅವಳ ಮುಖದ ಕಳೆ ಇಳಿದಿತ್ತು.

ನಾನು ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಜೀಪಿನಲ್ಲಿ ಹೊರಟೆ. ದಿಂಬಂ ದಾಟಿ ನಾಲ್ಕು ತಿರುವು ಇಳಿದರೆ ನಮ್ಮ ಗಾಡಿ ಗೋಡೆಗೆ ಒತ್ತಿಕೊಂಡು ನಿಂತಿದೆ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದೆ. ಆಕ್ಸಲ್ ಮುರಿದಿತ್ತು. ಡ್ರೈವರ್ ತಡೆಗೋಡೆಯ ಮೇಲೆ ಕೂತಿದ್ದ. ಇನ್ನೂ ಬೆಳಕಿತ್ತು, ಆದರೆ ಕೆಳಗಿನ ಕಾಡಿನಲ್ಲಿ ಆನೆ ಘೀಳಿಡುವುದು ಕೇಳುತ್ತಿತ್ತು. ನನ್ನನ್ನು ನೋಡಿ ಅವನಿಗೆ ಅಳು ಬಂದಂತಾಯಿತು.

"ಮೂರು ಗಂಟೆಯಿಂದ ಕೂತಿವ್ನಿ ಅಣ್ಣ. ಬಸ್ಸಿನೋನ ಕೈಲಿ ಏಳ್ಕಳ್ಸಿ ಮೂರು ರಿಂಗು ಒಡುಸ್ದೆ. ಟೀ ಅಂಗಡಿಯೋನು ಬಾರ್ಸವ್ನ. ಮನಯಿಂದ ಯಾರೂ ತಿರುಗ ಮಾಡ್ನಿಲ್ವಲ್ಲ."

ಅರಣ್ಯದವರನ್ನು ಕೇಳಿಕೊಂಡು, ದಿಂಬಂನಲ್ಲಿ ನಿಂತಿದ್ದ ಇನ್ನೊಂದು ಗಾಡಿ ತರಿಸಿ, ಕತ್ತಲಾಗುವ ಮೊದಲು ಲಾರಿಯನ್ನು ಎಳೆಸಿಕೊಂಡು ದಿಂಬಂಗೆ ತಂದೆವು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದಾಗ ಅಕ್ಕ ಅದೇ ಜಾಗದಲ್ಲಿ ಕೂತಿದ್ದಳು.

"ಎಸ್ಟು ರಿಂಗ್ಲಾ ಅವ್ರು ಬಾರ್ಸಿದ್ದು?"

"ಎರಡೇ ಕಣಕ್ಕ," ಅಂದೆ. "ಟೀ ಅಂಗಡಿಯೋನು ಎಡವಟ್ಟು ಮಾಡವ್ನ."

ಅವಳು ನನ್ನ ಮುಖವನ್ನೇ ನೋಡಿದಳು. "ಎಂಗೋ ಗಾಡಿ ಬಂತಲ್ಲ ಬುಡು," ಅಂದು ಎದ್ದು ಒಳಗೆ ಹೋದಳು. ಗೋಡೆಯ ಮೇಲೆ ಅವನ ಗೆರೆಗೆ ಎಳೆದಿದ್ದ ಅಡ್ಡ ಅಳಿಸಿಹೋಗಿತ್ತು. ಅವಳ ಸೆರಗು ತಾಗಿರಬೇಕು ಅಂದುಕೊಂಡೆ.

ಮಾರನೇ ದಿನ ತಾರಸಿಯ ತೊಟ್ಟಿಯ ಪಕ್ಕ ನಿಂತು ನನ್ನ ಮೊಬೈಲಿನಿಂದ ಮನೆಯ ಫೋನಿಗೆ ಬಾರಿಸಿದೆ. ಅಲ್ಲಿಂದ ಬಗ್ಗಿದರೆ ಜಗಲಿ ಕಾಣುತ್ತದೆ. ಅಕ್ಕ ಮೊರದಲ್ಲಿ ಅವರೆಕಾಯಿ ಸುರುವಿಕೊಂಡು ಸುಲಿಯುತ್ತಿದ್ದಳು, ಎರಡು ಕೈಯೂ ಕೆಲಸದಲ್ಲಿದ್ದವು. ಗಂಟೆ ನನಗೆ ಮೇಲಕ್ಕೆ ಕೇಳುತ್ತಿತ್ತು. ಹತ್ತು ಸಲವೋ ಹನ್ನೆರಡು ಸಲವೋ ಬಾರಿಸಿತು. ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ ಏನೋ ಅನುಮಾನ ಬಂದವಳಂತೆ ಕೈ ಒರೆಸಿಕೊಂಡು ಅಂಗೈಯನ್ನು ಫೋನಿನ ಮೇಲಿಟ್ಟಳು. ಬೆಚ್ಚಿಬಿದ್ದು ಸುತ್ತ ನೋಡಿದಳು, ಯಾರಾದರೂ ಕಂಡರಾ ಅಂತ.

ನಾನು ತೊಟ್ಟಿಯ ಹಿಂದೆ ಕೂತುಬಿಟ್ಟೆ. ಅಂಗೈ ಅಲ್ಲಿ ಯಾಕಿರುತ್ತಿತ್ತು ಎಂದು ಆಗ ತಿಳಿಯಿತು. ಲಾರಿ ಮನೆಯವರು ನಾವು, ಎಲ್ಲರೂ ಕೂಗಿಯೇ ಮಾತಾಡುವವರು. ಅವಳು ನನಗೆ ಉತ್ತರ ಕೊಡದೆ ಹೋದಾಗಲೆಲ್ಲ ವಯಸ್ಸಾಗುತ್ತಾ ಧಿಮಾಕು ಜಾಸ್ತಿಯಾಯಿತು ಎಂದು ಬೈದುಕೊಂಡಿದ್ದೆ. ನನ್ನನ್ನೇ ಕೆರದಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು.

ಆ ವಾರವೇ ಸಾಫ್ಟ್‌ವೇರ್ ಮಾರುವವನಿಗೆ ಫೋನು ಮಾಡಿದೆ. ಅವನು ಎಲ್ಲ ಗಾಡಿಗೂ ಒಂದೊಂದು ಪೆಟ್ಟಿಗೆ ಕೂರಿಸಿ, ಒಳಮನೆಯಲ್ಲಿ ಒಂದು ಪರದೆ ಇಟ್ಟುಹೋದ. ಗಾಡಿಗಳು ಅದರಲ್ಲಿ ಬಣ್ಣದ ಚುಕ್ಕಿಗಳಾಗಿ ಓಡಾಡುತ್ತಿದ್ದವು. ಕಾಡಿನೊಳಗೆ ಚುಕ್ಕಿ ನಿಂತುಬಿಡುತ್ತದೆ, ಸಿಗ್ನಲ್ ಸಿಕ್ಕ ಮೇಲೆ ಹಾರಿ ಮುಂದಕ್ಕೆ ಬರುತ್ತದೆ. ದಿಂಬಂ ದಾಟಿ ಈ ಕಡೆ ಬಂದರೆ ಹಸಿರಾಗುತ್ತದೆ. ನಾನು ಮಗಳನ್ನು ಪಕ್ಕಕ್ಕೆ ಕರೆದು ಕಟ್ಟಪ್ಪಣೆ ಮಾಡಿದೆ: ಇದು ಅತ್ತೆಗೆ ಗೊತ್ತಾಗಕೂಡದು. ಕೊಯಮತ್ತೂರಿನ ವ್ಯಾಪಾರಿಗೋಸ್ಕರ ಹಾಕಿಸಿದ್ದು ಎಂದು ಮಾತ್ರ ಹೇಳು. ಅವಳು ಮೊದಲಿನಂತೆ ಜಗಲಿಯಲ್ಲಿ ಕೂರಲಿ, ಡ್ರೈವರುಗಳು ರಿಂಗು ಬಾರಿಸಲಿ. ನೀನು ಒಳಗೆ ಪರದೆ ನೋಡಿ, ಏನಾದರೂ ಹೆಚ್ಚುಕಡಿಮೆಯಾದರೆ ಆ ಹೆಂಗಸರಿಗೆ ಹಿತ್ತಲಿನಿಂದ ಹೇಳಿ ಕಳಿಸು. ಮಗಳು ಏನೋ ಹೇಳಲು ಬಾಯಿ ತೆಗೆದಳು. ನಾನು ಬಿಡಲಿಲ್ಲ.

ಹೀಗೆ ಮೂರು ತಿಂಗಳು ನಡೆಯಿತು. ಅಕ್ಕ ದಿನಾ ಬಂದು ಕೂರುವಳು, ಗೆರೆ ಎಳೆಯುವಳು, ಎಸರಿಡಿ ಅನ್ನುವಳು. ಯಾವುದೂ ತಪ್ಪುತ್ತಿರಲಿಲ್ಲ. ನಾನು ಎಷ್ಟು ಜಾಣನಪ್ಪ ಎಂದು ನನಗೇ ಹೆಮ್ಮೆ.

ದೀಪಾವಳಿ ಬಂತು. ಅದು ಕಳೆದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಮುಂದೆ ಸಗಣಿ ಎರಚಾಡುವ ಹಬ್ಬ. ನಮ್ಮ ಡ್ರೈವರುಗಳಲ್ಲಿ ಮೂವರು ಆ ಕಡೆಯವರು, ಉಳಿದವರು ಅವರ ನೆಂಟರು. ಆ ದಿನ ನಮ್ಮಲ್ಲಿ ಯಾರೂ ಸ್ಟೀರಿಂಗ್ ಮುಟ್ಟುವುದಿಲ್ಲ. ಆದರೆ ಕೊಯಮತ್ತೂರಿನ ಲೋಡು ನಿಲ್ಲಿಸುವಂತಿರಲಿಲ್ಲ. ಹೆಂಡತಿ, ಮಗಳನ್ನು ಹಬ್ಬಕ್ಕೆ ಕಳಿಸಿ, ಎಷ್ಟೋ ವರ್ಷದ ಮೇಲೆ ನಾನೇ ಗಾಡಿ ಹತ್ತಿದೆ. ಮನೆಯಲ್ಲಿ ಉಳಿದವಳು ಅಕ್ಕ ಒಬ್ಬಳೇ.

ಇಳಿಯುವಾಗ ಮೈಯೆಲ್ಲ ಬೆವರು, ತಿರುವುಗಳು ಕೈಗೆ ನೆನಪಿದ್ದವು. ಲೋಡು ಇಳಿಸಿ ವಾಪಸು ಹತ್ತಿ ದಿಂಬಂನಲ್ಲಿ ಗಾಡಿ ನಿಲ್ಲಿಸಿದೆ. ನಾಣ್ಯದ ಫೋನು ಹೋಗಿ ಎಷ್ಟೋ ಕಾಲವಾಗಿದೆ, ಅದನ್ನು ಮೊಳೆ ಹೊಡೆದು ನಿಲ್ಲಿಸಿದ್ದ ಹಲಗೆ ಮಾತ್ರ ಇದೆ. ಟೀ ತಗೊಂಡೆ. ಮಂಜು ಮೇಲೇರುತ್ತಿತ್ತು. ಆಗ ನನ್ನ ಕೈ ತಾನಾಗಿ ಮೊಬೈಲು ತೆಗೆದು ಮನೆಗೆ ಬಾರಿಸಿತು. ಎರಡು ರಿಂಗು, ಕಟ್. ಬಾರಿಸಿದ ಮೇಲೆ ನೆನಪಾಯಿತು, ಅಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ. ಅಕ್ಕ ಅಡುಗೆಮನೆಯಲ್ಲಿದ್ದರೆ ಅಂಗೈಗೂ ಸಿಗುವುದಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಇದೇ ಹಲಗೆಯ ಮುಂದೆ ನಿಂತು, ಇನ್ನು ಹಿಟ್ಟು ಸಿಗುತ್ತದೆ ಎಂದು ನಗುತ್ತಿದ್ದವನು ನಾನೇನಾ ಎಂದು ಅಳು ಬಂತು. ಟೀ ಅಂಗಡಿಯವನು ಬೇರೆ ಕಡೆ ತಿರುಗಿಕೊಂಡ, ಪುಣ್ಯಾತ್ಮ.

ಆಸನೂರು ದಾಟಿ ಸ್ವಲ್ಪ ದೂರದಲ್ಲಿ ಆನೆ ಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಮರಿಯೂ ಇತ್ತು. ಕಾಲು ಗಂಟೆ ಎಂಜಿನ್ ಆರಿಸಿ ಕೂತೆ, ಅವು ದಾಟಿದ ಮೇಲೆ ಹೊರಟೆ.

ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ಜಗಲಿ ಖಾಲಿ. ಕರಿ ಫೋನು ಒಂದೇ ಕೂತಿದೆ. ಚಪ್ಪಲಿ ಬಿಡದೆ ಒಳಗೆ ಓಡಿದೆ. ನಡುಮನೆಯಲ್ಲಿ ತಟ್ಟೆ ಹಾಕಿತ್ತು, ತಟ್ಟೆಯಲ್ಲಿ ಹಿಟ್ಟು, ಹಿಟ್ಟಿನಿಂದ ಹೊಗೆ. ಅವರೆಕಾಳಿನ ಸಾರಿನ ವಾಸನೆ. ಅಕ್ಕ ಒಳಮನೆಯಲ್ಲಿ ಕನ್ನಡಕ ಹಾಕಿಕೊಂಡು, ಪರದೆಯ ಮುಂದೆ ಮಣೆ ಹಾಕಿ ಕೂತಿದ್ದಳು. ತಿರುಗಿ ನೋಡಿದಳು.

"ಆಸನೂರು ದಾಟಿ ಕಾಲ್ಗಂಟೆ ನಿಂತ್ಕಂಡ್ಯಲ್ಲ, ಏನ್ಕಲಾ?"

"ಆನೆ ಅಡ್ಡ ಇದ್ದೊ," ಎಂದು ಕೂಗಿ ಹೇಳಿದೆ.

"ಅಂಗೇ ಅನ್ಕಂಡೆ. ಅದಕೇ ಎಸರಿನ ಉರಿ ತಗ್ಗುಸ್ದೆ."

ಇದನ್ನು ನೋಡಲು ಯಾರು ಕಲಿಸಿದರು ಎಂದು ಕೇಳಿದೆ.

"ನಿನ್ ಮಗಳೇ. ತಂದಾಕ್ದ ಮೂರ್ನೇ ದಿನ್ವೇ ಕೂರ್ಸಿ ತೋರ್ಸುದ್ಲು. ನೀನಿಲ್ದಾಗ ಇಲ್ಲೇ ಕೂತಿರ್ತಿನಿ. ಇದಕ ಕಿವಿ ಬ್ಯಾಡ, ಕಣ್ಣಿದ್ರ ಸಾಕು."

"ಮತ್ತೆ ದಿನಾ ಜಗಲಿ ಮೇಲೆ ಕೂರ್ತಿದ್ದೆ?"

"ನಿಂಗ ಬ್ಯಾಸ್ರ ಆದದು ಅಂತ ಕಣ್ಲಾ. ಪಾಪ, ಅಸ್ಟು ಮರೆ ಮಾಡ್ಕಂಡು ಓಡಾಡ್ತಿದ್ದೆ."

ನಾನು ಗೋಡೆ ಹಿಡಿದು ಕೂತೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಆವತ್ತು ಮೂರು ಬಾರ್ಸವ್ರ ಅಂತ ನಿನ್ ಮುಕ ನೋಡೇ ಗೊತ್ತಾಯ್ತು. ನೀನು ಎಲ್ಡು ಅಂದೆ. ಎಲ್ಡು ವರ್ಸದಿಂದ ನಾನು ಅಂಗೈಲಿ ಕೇಳುಸ್ಕಂಡು ಕೂತಿದ್ದೆ ಕಣ್ಲಾ. ಒಂದು ರಿಂಗು ತಪ್ಪೋದ್ರ ಯಾರ ಮನ ಆಳಾದದೋ ಅಂತ ದಿನಾ ಎದ ಒಡ್ಕತಿತ್ತು. ಊಟ ಸೇರ್ತಿರ್ನಿಲ್ಲ. ಯಾರ್ಗೂ ಏಳಂಗಿರ್ನಿಲ್ಲ. ಇಂಥದ್ದೊಂದು ಅದ ಅಂತ ನಿಂಗ ಆವಾಗ್ಲೇ ಗೊತ್ತಿತ್ತಂತಲ್ಲ, ನಿನ್ ಮಗಳು ಏಳುದ್ಲು. ಯಾಕ್ಲಾ ತರ್ನಿಲ್ಲ?"

ನಿನಗೋಸ್ಕರ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಅಂಗೈ ತೊಡೆಯ ಮೇಲಿತ್ತು, ನಾನು ಅದನ್ನೇ ನೋಡುತ್ತಾ ಕೂತೆ.

"ಏನ್ಲಾ ನೋಡೀಯೆ," ಅಂದಳು ಅಕ್ಕ. "ಕೈ ತೊಳ್ಕಂಡು ಉಣ್ಣು ಓಗು. ತಣ್ಣಗಾದದು."